ಬ್ಯಾಗು ಕಾಯುವವಳು

ಹಿರಿಯೂರಿನ ಬೋರಪ್ಪನವರ ಹಿರಿಯ ಸೊಸೆ ಯಮುನಾ ಕೋತಿಯ ಜೊತೆ ಬ್ಯಾಗು ಜಗ್ಗಾಡಿದ್ದನ್ನು ಊರೆಲ್ಲ ನೋಡಿತು. ಹರಿಯಬ್ಬೆಯ ಅವಳ ತವರಿನವರು ನೋಡಿದರು, ಹೊಳಲ್ಕೆರೆಯ ನೆಂಟರು ನೋಡಿದರು, ಅವಳ ಗಂಡನ ಎಣ್ಣೆ ಗಾಣಕ್ಕೆ ಶೇಂಗಾ ತರುವ ಧರ್ಮಪುರದ ರೈತರೂ ನೋಡಿದರು. ನೋಡಿದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಬ್ಯಾಗಿನ ಒಂದು ತುದಿ ಕೋತಿಯ ಕೈಯಲ್ಲಿತ್ತು, ಇನ್ನೊಂದು ತುದಿ ಯಮುನಾಳ ಕೈಯಲ್ಲಿತ್ತು. ಅವಳ ಸೆರಗು ಮಣ್ಣಲ್ಲಿ ಎಳೆದಾಡುತ್ತಿತ್ತು. ಓರಗಿತ್ತಿ ಪ್ರೀತಿ ಅದನ್ನು ಮೇಲಿನ ಅಟ್ಟಣಿಗೆಯಿಂದ, ಅವತ್ತು ತನ್ನ ಬಳಿಯೇ ಇಟ್ಟುಕೊಂಡಿದ್ದ ಫೋನಿನಲ್ಲಿ ವಿಡಿಯೋ ಮಾಡಿ, ನಗುವ ಮುಖಗಳ ಒಂದು ಸಾಲು ಅಂಟಿಸಿ, ಸ್ಟೇಟಸ್ಸಿಗೆ ಹಾಕಿದ್ದಳು.

ನಡೆದದ್ದು ಚಿತ್ರದುರ್ಗದ ಹೊರಗೆ, ಜೋಗಿಮಟ್ಟಿ ಗುಡ್ಡ ಎದುರಿಗೆ ಕಾಣುವ ಕಡೆ. ಹಗ್ಗಕ್ಕೆ ಜೋತುಬಿದ್ದು ಈ ದಿಬ್ಬದಿಂದ ಆ ದಿಬ್ಬಕ್ಕೆ ಜಾರುವ ಆಟದ ಜಾಗವೊಂದು ಅಲ್ಲಿ ಹೊಸದಾಗಿ ತೆರೆದಿತ್ತು. ಮೈದುನ ಪ್ರದೀಪ ಏಳು ಸೀಟಿನ ಕಾರು ಕೊಂಡ ಮೇಲೆ ಆ ಮನೆಯವರಿಗೆ ಭಾನುವಾರ ಮನೆಯಲ್ಲಿ ಕೂರುವುದೇ ಮರೆತುಹೋಗಿತ್ತು. ಎಲ್ಲಿಗೆ ಹೋದರೂ ಕ್ರಮ ಒಂದೇ. ಕಾರಿನಿಂದ ಇಳಿದ ಕೂಡಲೇ ಅತ್ತೆ ತಿಪ್ಪಕ್ಕ ಒಂದು ನೆರಳು ಹುಡುಕಿ, ಜಮಖಾನ ಹಾಸಿಸಿ, "ಯಮುನಾ, ನೀನಿಲ್ಲಿ ಕುಂತ್ಕ" ಎನ್ನುತ್ತಿದ್ದಳು. ಆಮೇಲೆ ಒಬ್ಬೊಬ್ಬರೂ ಬಂದು ತಮ್ಮ ಹೊರೆ ಇಳಿಸುತ್ತಿದ್ದರು. ಬುತ್ತಿಯ ಡಬ್ಬಗಳು, ಫೋನುಗಳು, ಕಾರಿನ ಕೀಲಿ, ಪ್ರೀತಿಯ ಕನ್ನಡಕ, ಜಾರುವಾಗ ಬಿದ್ದುಹೋದೀತೆಂದು ಮಾವ ಬೋರಪ್ಪನವರ ಹಲ್ಲಿನ ಸೆಟ್ಟು, ಎಲ್ಲ ಅವಳ ಸುತ್ತ ಗುಡ್ಡೆ ಬೀಳುತ್ತಿದ್ದವು. ಬಾಡಿಗೆಗೆ ಲಾಕರ್ ಸಿಗುವ ಕಡೆಯೂ ತೆಗೆದುಕೊಳ್ಳುತ್ತಿರಲಿಲ್ಲ. "ಲಾಕರ್ ಯಾಕೆ, ಅತ್ತಿಗೆ ಇಲ್ವಾ?" ಎಂದು ಪ್ರದೀಪ ಪ್ರತಿ ಸಲವೂ ಹೇಳುತ್ತಿದ್ದ, ಪ್ರತಿ ಸಲವೂ ತಾನೇ ಮೊದಲು ನಗುತ್ತಿದ್ದ. ಚಂದ್ರವಳ್ಳಿಯ ಗುಹೆಗೆ ಹೋದಾಗ ಯಮುನಾ ನೋಡಿದ್ದು ಒಂದು ಹುಣಸೆಮರ ಮಾತ್ರ.

ಅವತ್ತು ಗೆದ್ದದ್ದು ಕೋತಿ. ಪ್ರೀತಿಯ ಬ್ಯಾಗನ್ನು ಬಂಡೆಯ ಆಚೆಗೆ ಒಯ್ದು, ಒಳಗಿದ್ದದ್ದನ್ನೆಲ್ಲ ಒಂದೊಂದಾಗಿ ಕಣಿವೆಗೆ ಎಸೆಯಿತು. ಯಮುನಾಳ ಮೊಣಕೈಯಿಂದ ಮಣಿಕಟ್ಟಿನವರೆಗೆ ರಕ್ತ ಇಳಿಯುತ್ತಿತ್ತು. ಓಡಿ ಬಂದವರಲ್ಲಿ ಪ್ರೀತಿ, "ಅಯ್ಯೋ, ನನ್ ಬ್ಯಾಗ್" ಅಂದಳು. ತಿಪ್ಪಕ್ಕ, "ಒಂದು ಬ್ಯಾಗ್ ಕಾಯಾಕೂ ಬರಲ್ವೇನೇ ನಿಂಗೆ?" ಅಂದಳು.

ಕೋತಿ ಪರಚಿದ್ದಕ್ಕೆ ಒಂದೇ ಸೂಜಿಗೆ ಮುಗಿಯುವುದಿಲ್ಲ, ಕರೆದಾಗಲೆಲ್ಲ ಹೋಗಬೇಕು. ಯಮುನಾ ತಾಲ್ಲೂಕು ಆಸ್ಪತ್ರೆಗೆ ಒಬ್ಬಳೇ ಹೋದಳು. ವಾಪಸು ಬಂದಾಗ ತೋಳು ಭಾರವಾಗಿತ್ತು. ಗಂಡ ಹನುಮಂತರಾಜು ತಟ್ಟೆಯ ಮುಂದೆ ಕೂತಿದ್ದ.

"ಸಾರು ಬಿಸಿ ಮಾಡೀಯಾ?" ಎಂದು ಕೇಳಿದ.

"ಡಾಕ್ಟ್ರು ಏನಂದ್ರಮ್ಮ?" ಎಂದು ಕೇಳಿದವರು ಬೋರಪ್ಪ ಒಬ್ಬರೇ.

"ಇನ್ನೂ ಬರಬೇಕಂತೆ ಮಾವ."

"ಆಂಜನೇಯಸ್ವಾಮಿ ಅಂಶ ಕಣ್ರಿ ಅದು, ಪರಚಿದ್ರೆ ಏನಾಗ್ತೈತೆ" ಎಂದಳು ತಿಪ್ಪಕ್ಕ. "ಪಾಪ, ಆ ಹುಡುಗಿ ಬ್ಯಾಗ್ ಹೋಯ್ತು ನೋಡ್ರಿ."

ಯಮುನಾ ಪ್ರೀತಿಯ ತಟ್ಟೆಗೆ ಮುದ್ದೆ ಹಾಕುತ್ತಾ, "ಪ್ರೀತಿ, ಆ ವಿಡಿಯೋ ತೆಗೆದುಬಿಡು" ಅಂದಳು.

"ಅದು ತಾನಾಗೇ ಹೋಗುತ್ತೆ ಅಕ್ಕ. ನಾನು ಕೆಲಸ ಮಾಡೋ ಸೊಸೈಟಿ ಸೆಕ್ರೆಟರಿನೂ ನೋಡಿ ನಕ್ರು ಗೊತ್ತಾ?"

ಹೋಗಲಿಲ್ಲ. ಸ್ಟೇಟಸ್ಸಿನಿಂದ ಹೋದದ್ದು ಗಾಣದ ಗಿರಾಕಿಗಳ ಗ್ರೂಪಿನಲ್ಲಿ ಹುಟ್ಟಿತು. ಅಲ್ಲಿ ಹಾಕಿದವನು ಹನುಮಂತರಾಜು. ಧರ್ಮಪುರದ ಕಾಟಯ್ಯ ಶೇಂಗಾ ಮೂಟೆ ಇಳಿಸಿ ನೀರು ಕೇಳಲು ಮನೆಗೆ ಬಂದವನು, "ಏನಮ್ಮ, ಕೋತಿ ಚೆನ್ನಾಗೈತಾ?" ಎಂದು ಹಲ್ಲು ಕಿರಿದ ಮೇಲೆ ಯಮುನಾಳಿಗೆ ಗೊತ್ತಾಯಿತು. ಅದೇ ಸಂಜೆ ಹತ್ತನೇ ಕ್ಲಾಸಿನ ಮಗಳು ಕಾವ್ಯಶ್ರೀ ನಡುಮನೆಯಲ್ಲಿ ದುಪಟ್ಟಾ ಎಳೆದಾಡುತ್ತಾ ತಾಯಿಯ ಹಾಗೆ ಬಾಯಿ ತೆರೆದು ತೋರಿಸುತ್ತಿದ್ದಳು. ತಿಪ್ಪಕ್ಕ ಕಣ್ಣೀರು ಬರುವ ಹಾಗೆ ನಗುತ್ತಿದ್ದಳು.

ಯಮುನಾಳಿಗೆ ಅಳು ಬರಲಿಲ್ಲ. ಮೈಯೆಲ್ಲ ಉರಿದುಹೋಯಿತು. ಪಾತ್ರೆ ತಿಕ್ಕುತ್ತಾ ತಿಕ್ಕುತ್ತಾ ಅವಳು ಒಂದು ತೀರ್ಮಾನಕ್ಕೆ ಬಂದಳು. ಇವರಿಗೆ ಬೈದು ಪ್ರಯೋಜನವಿಲ್ಲ, ಬೈದರೆ ಅದನ್ನೂ ವಿಡಿಯೋ ಮಾಡುತ್ತಾರೆ. ತಾನು ಕೂತ ಹಾಗೆ ಇವರು ಕೂರಬೇಕು. ತಾನು ಇವರ ದಾರಿ ನೋಡಿದ ಹಾಗೆ ಇವರು ತನ್ನ ದಾರಿ ನೋಡಬೇಕು. ಅತ್ತೆ ಮೊದಲು. ಅದಾಗುವವರೆಗೆ ತನಗೆ ಅನ್ನ ಮೈಗೆ ಹತ್ತುವುದಿಲ್ಲ ಎಂದುಕೊಂಡಳು.

ಕಾವ್ಯಳ ಪರೀಕ್ಷೆ ಮುಗಿಯುತ್ತಾ ಬಂದ ಹಾಗೆ ಮುಂದಿನ ತಿರುಗಾಟದ ಮಾತು ಬಂತು. ಪ್ರೀತಿ ಊಟದ ಹೊತ್ತಿಗೆ ಫೋನು ಹಿಡಿದುಕೊಂಡೇ ಬಂದು ಕೂತಳು. ದಾವಣಗೆರೆ ದಾರಿಯಲ್ಲಿ, ಹೆದ್ದಾರಿಯ ಪಕ್ಕದಲ್ಲೇ, ನೀರಿನ ಆಟದ ದೊಡ್ಡ ಪಾರ್ಕು ಆಗಿದೆಯಂತೆ.

"ಅಲ್ಲಿ ಸಮುದ್ರ ಮಾಡವ್ರಂತಲ್ಲ?" ಎಂದಳು ತಿಪ್ಪಕ್ಕ.

"ಹೂಂ ಅತ್ತೆ, ನಿಜವಾದ ಅಲೆ ಬಂದಂಗೇ ಬರ್ತವೆ."

"ಹಂಗಾದ್ರೆ ನಾನೂ ಇಳಿತೀನಿ."

"ನಿಂಗ್ಯಾಕೆ ಬೇಕೇ ಅದೆಲ್ಲ?" ಎಂದರು ಬೋರಪ್ಪ.

"ಜೀವಮಾನವೆಲ್ಲ ಸರ್ಕಾರಿ ಬಸ್ ಓಡಿಸಿದ್ರಿ. ಒಂದಿನ ಗೋಕರ್ಣಕ್ಕೆ ಕರ್ಕಂಡು ಹೋದ್ರಾ? ನಾನು ಇಳಿಯೋಳೇ."

ಪ್ರದೀಪ ತಲೆ ಎತ್ತಿದ. "ಅತ್ತಿಗೆಗೂ ಟಿಕೆಟ್ ಮಾಡಿಸ್ಬೇಕಾ? ನೀರಿಗೆ ಇಳಿಯಲ್ವಲ್ಲ."

"ಅಮ್ಮಂಗೆ ನೀರಂದ್ರೆ ಭಯ ಚಿಕ್ಕಪ್ಪ" ಎಂದಳು ಕಾವ್ಯ.

ಯಮುನಾ ಸೌಟು ಹಿಡಿದು ನಿಂತಿದ್ದಳು. ಹರಿಯಬ್ಬೆಯ ತೋಟದ ಬಾವಿಯಲ್ಲಿ, ಅಣ್ಣ ಶ್ರೀನಿವಾಸನಿಗಿಂತ ಮೊದಲು ದಡದಿಂದ ತಲೆಕೆಳಗಾಗಿ ಹಾರುತ್ತಿದ್ದವಳು ಅವಳು. ತಳ ಮುಟ್ಟಿ ಮಣ್ಣು ತಂದು ತೋರಿಸುತ್ತಿದ್ದಳು. ಈ ಮನೆಗೆ ಬಂದ ಮೇಲೆ ನಿನಗೆ ಈಜು ಬರುತ್ತದಾ ಎಂದು ಒಬ್ಬರೂ ಕೇಳಿರಲಿಲ್ಲ, ಅವಳಿಗೂ ಹೇಳುವ ಸಂದರ್ಭ ಬಂದಿರಲಿಲ್ಲ.

"ಅವಳು ಬರದಿದ್ರೆ ಬ್ಯಾಗ್ ಯಾರೋ ನೋಡ್ಕಳದು?" ಎಂದ ಹನುಮಂತರಾಜು. ಯಮುನಾಳ ಟಿಕೆಟ್ಟು ಹಾಗೆ ನಿಶ್ಚಯವಾಯಿತು.

ಮರುದಿನ ಎಲ್ಲರೂ ಅವರವರ ಕೆಲಸಕ್ಕೆ ಹೋದ ಮೇಲೆ ಅವಳು ಆ ಪಾರ್ಕಿಗೆ ಫೋನು ಮಾಡಿದಳು. ಆ ಕಡೆಯ ಹುಡುಗಿ ಬಾಯಿಪಾಠ ಒಪ್ಪಿಸುವ ಹಾಗೆ ಹೇಳಿದಳು. ಹೊರಗಿನ ಊಟ ತಿಂಡಿ ಒಳಗೆ ಬಿಡುವುದಿಲ್ಲ. ಸೀರೆ, ಚೂಡಿದಾರ ಉಟ್ಟು ನೀರಿಗೆ ಇಳಿಯುವ ಹಾಗಿಲ್ಲ, ನೈಲಾನ್ ಬಟ್ಟೆಯೇ ಆಗಬೇಕು, ಅಲ್ಲೇ ಬಾಡಿಗೆಗೆ ಸಿಗುತ್ತದೆ. ಸಾಮಾನು ಇಡಲು ಲಾಕರ್ ಇದೆ, ಕೀಲಿಯನ್ನು ಕೈಗೆ ಕಟ್ಟಿಕೊಳ್ಳಬಹುದು.

"ಬಾಳ ಸಂತೋಷ ಕಣಮ್ಮ" ಎಂದಳು ಯಮುನಾ. ಆ ಹುಡುಗಿಗೆ ಯಾಕಷ್ಟು ಸಂತೋಷವೋ ಅರ್ಥವಾಗಿರಲಿಕ್ಕಿಲ್ಲ.

ಮನೆಯಲ್ಲಿ ಯಾರಿಗೂ ಅವಳು ಬಾಯಿ ಬಿಡಲಿಲ್ಲ. ಕೊನೆಯ ಸೂಜಿಗೆ ಹೋದಾಗ, ರವಿಕೆ ಹೊಲಿದು ಕೂಡಿಟ್ಟದ್ದರಲ್ಲಿ ಪೇಟೆಯ ಅಂಗಡಿಯಿಂದ ಮೊಣಕಾಲು ಮುಚ್ಚುವ ಒಂದು ಈಜುಡುಗೆ, ಒಂದು ಟೋಪಿ ತಂದು ರಾಗಿ ಡಬ್ಬದ ಹಿಂದೆ ಸೇರಿಸಿದಳು. ಆ ಮನೆಯಲ್ಲಿ ರಾಗಿ ಡಬ್ಬ ಸರಿಸುವವರು ಬೇರೆ ಯಾರೂ ಇರಲಿಲ್ಲ.

ಹೊರಡುವ ಹಿಂದಿನ ದಿನ ಬುತ್ತಿಯ ಗದ್ದಲ ಶುರುವಾಯಿತು. ಬುತ್ತಿ ಕಟ್ಟದೆ ಹೊಸ್ತಿಲು ದಾಟಿದರೆ ಅದು ತಿಪ್ಪಕ್ಕನ ಲೆಕ್ಕದಲ್ಲಿ ಪ್ರಯಾಣವೇ ಅಲ್ಲ. ಹೋಳಿಗೆ, ಕೋಡುಬಳೆ, ಸಜ್ಜೆ ರೊಟ್ಟಿ, ಶೇಂಗಾ ಚಟ್ನಿ, ಬುತ್ತಿ ಮೊಸರನ್ನ, ಎಲ್ಲ ಆಗಬೇಕೆಂದು ಅಪ್ಪಣೆಯಾಯಿತು.

"ಅತ್ತೆ, ತೋಳು ಎತ್ತಾಕಾಗ್ತಿಲ್ಲ" ಎಂದಳು ಯಮುನಾ. "ಸೂಜಿ ಹಾಕಿದ್ ಕಡೆ ಗಟ್ಟಿಯಾಗೈತೆ."

ತಿಪ್ಪಕ್ಕ ಅವಳನ್ನೂ ಅವಳ ತೋಳನ್ನೂ ನೋಡಿದಳು. ಸುಳ್ಳು ಎನ್ನಲು ಆಗಲಿಲ್ಲ, ಗಾಯದ ಗೆರೆ ಇನ್ನೂ ಎದ್ದು ಕಾಣುತ್ತಿತ್ತು. "ಪ್ರೀತಿ, ಬಾರಮ್ಮ ಇಲ್ಲಿ" ಎಂದು ಕರೆದಳು.

ಪ್ರೀತಿ ಸಜ್ಜೆ ರೊಟ್ಟಿ ಬಡಿದವಳೇ ಅಲ್ಲ. ಒಂದು ರೊಟ್ಟಿ ಹರಿಯಿತು, ಒಂದು ಹೆಂಚಿಗೆ ಅಂಟಿತು, ಆಮೇಲೆ ಬೆರಳು ಸುಟ್ಟಿತು. ಒಲೆಯ ಮುಂದೆ ತಿಪ್ಪಕ್ಕ ಹೂರಣ ರುಬ್ಬಿ ರುಬ್ಬಿ ಸೊಂಟ ಹಿಡಿದುಕೊಂಡಳು. ಯಮುನಾ ಅಡುಗೆಮನೆಯ ಬಾಗಿಲಲ್ಲಿ ಕಾಲು ಚಾಚಿ ಕೂತು ಉಪಚಾರದ ಮಾತಾಡಿದಳು.

"ಹೋಳಿಗೆ ಇನ್ನೊಂದಿಷ್ಟು ಆಗ್ಲಿ ಅತ್ತೆ. ನೀರಲ್ಲಿ ಆಡಿದ್ರೆ ಹಸಿವು ಜಾಸ್ತಿ. ಪ್ರೀತಿ, ರೊಟ್ಟಿ ತೆಳ್ಳಗಾಗ್ಬೇಕಮ್ಮ, ದಪ್ಪ ಆದ್ರೆ ಇವ್ರು ಮುಟ್ಟಲ್ಲ."

ಹೆಪ್ಪಿಗೆ ಮೊಸರು ಕೇಳಲು ಬಂದ ಪಕ್ಕದ ಮನೆ ದ್ಯಾಮಮ್ಮ ಇದನ್ನೆಲ್ಲ ನೋಡಿ, "ಅಂಥ ಕಡೆ ಊಟ ಒಳಗ್ ಬಿಡ್ತಾರೇನೇ?" ಅಂದಳು. ಯಮುನಾ ಚಾಚಿದ ಕಾಲನ್ನು ಮಡಚಿಕೊಂಡಳು.

"ನಮ್ಮತ್ತೆ ಮಾಡಿದ ಹೋಳಿಗೇನ ಯಾರು ಬ್ಯಾಡ ಅಂತಾರಕ್ಕ?" ಎಂದು ಥಟ್ಟನೆ ಹೇಳಿದಳು. ತಿಪ್ಪಕ್ಕನ ಮುಖ ಅರಳಿತು, ದ್ಯಾಮಮ್ಮನ ಪ್ರಶ್ನೆ ಅಲ್ಲೇ ಸತ್ತಿತು.

ಪಾರ್ಕಿನ ಗೇಟಿನಲ್ಲಿ ಕಾವಲಿನವನು ಡಬ್ಬಗಳನ್ನು ಒಂದೊಂದಾಗಿ ಹೊರಗೆ ತೆಗೆಸಿದ. ಜನರ ಸಾಲು ಹಿಂದೆ ಬೆಳೆಯುತ್ತಿತ್ತು.

"ನಮ್ಮನೆ ಅನ್ನ ನಾವು ಉಣ್ಣಾಕೆ ನಿನ್ ಅಪ್ಪಣೆ ಯಾಕಪ್ಪ?" ಎಂದಳು ತಿಪ್ಪಕ್ಕ.

"ರೂಲ್ಸು ಕಣಮ್ಮ. ಬೋರ್ಡ್ ಹಾಕೈತೆ ನೋಡ್ರಿ. ಒಳಗೇ ಹೋಟ್ಲೈತೆ."

ಪ್ರದೀಪ ಹೆಂಡತಿಯ ಕಡೆ ತಿರುಗಿದ. "ಬುಕ್ ಮಾಡಿದವಳು ನೀನು. ನೋಡಿರ್ಲಿಲ್ವಾ?"

"ನಾನು ಫೋಟೋ ನೋಡಿದ್ದೆ" ಎಂದಳು ಪ್ರೀತಿ, ಸುಟ್ಟ ಬೆರಳನ್ನು ಬಾಯಲ್ಲಿಟ್ಟುಕೊಂಡು.

ಹೋಳಿಗೆಯೂ ಮೊಸರನ್ನವೂ ವಾಪಸು ಕಾರಿನ ಡಿಕ್ಕಿ ಸೇರಿದವು. ಏಪ್ರಿಲ್ಲಿನ ಬಿಸಿಲು ಆಗಲೇ ಡಾಂಬರನ್ನು ಮೆತ್ತಗೆ ಮಾಡುತ್ತಿತ್ತು. ಯಮುನಾ ಡಿಕ್ಕಿಯ ಬಾಗಿಲನ್ನು ತಾನೇ ಗಟ್ಟಿಯಾಗಿ ಹಾಕಿದಳು.

ಬಟ್ಟೆಯ ಮಾತು ಬಂದಾಗ ಇನ್ನೊಂದು ರಗಳೆಯಾಯಿತು. ಆದರೆ ಅಲೆಯ ಸದ್ದು ಕಿವಿಗೆ ಬಿದ್ದಿದ್ದರಿಂದ ತಿಪ್ಪಕ್ಕ ಹಿಂದೆ ಸರಿಯಲಿಲ್ಲ. ಬಾಡಿಗೆಯ ನೈಲಾನ್ ಅಂಗಿ, ಪ್ಯಾಂಟು ತೊಟ್ಟು, ಟವಲ್ಲು ಹೊದ್ದು, ಯಾರ ಮುಖವನ್ನೂ ನೋಡದೆ ನಡೆದು ಹೋಗಿ ನೀರಲ್ಲಿ ಕುತ್ತಿಗೆಯವರೆಗೆ ಮುಳುಗಿಕೊಂಡಳು. ಹೋಗುವ ಮೊದಲು ಎಲ್ಲರೂ ವಾಡಿಕೆಯಂತೆ ಯಮುನಾಳ ಮುಂದೆ ಹೊರೆ ಇಳಿಸಿದರು. ಅತ್ತೆಯ ಸೀರೆ, ಎರಡೆಳೆ ಸರ. ಪ್ರೀತಿಯ ಫೋನು, ಕನ್ನಡಕ. ಗಂಡನ ಪರ್ಸು. ಕಾರಿನ ಕೀಲಿ. ಮಾವನ ಹಲ್ಲು.

"ಲಾಕರ್ ಯಾಕೆ..." ಎಂದು ಪ್ರದೀಪ ಶುರುಮಾಡಿದ.

"ನಾನಿಲ್ವಾ" ಎಂದು ಯಮುನಾಳೇ ಮುಗಿಸಿದಳು.

ಅವರ ತಲೆಗಳು ನೀರಲ್ಲಿ ಚಿಕ್ಕವಾದ ಮೇಲೆ ಅವಳು ಎದ್ದಳು. ಎಲ್ಲವನ್ನೂ ಹೊತ್ತುಕೊಂಡು ಹೋಗಿ, ದೊಡ್ಡದೊಂದು ಲಾಕರ್ ಹಿಡಿದು, ಒಳಗೆ ತುರುಕಿ ಬೀಗ ಹಾಕಿದಳು. ಕೀಲಿಯ ಪಟ್ಟಿಯನ್ನು ಕೋತಿ ಪರಚಿದ ಕೈಗೇ ಬಿಗಿದುಕೊಂಡಳು. ತನ್ನ ಈಜುಡುಗೆ ತೊಟ್ಟಳು, ಕೂದಲನ್ನು ಟೋಪಿಯೊಳಗೆ ಸೇರಿಸಿದಳು, ಪಾರ್ಕಿನಲ್ಲೇ ಎತ್ತರದ ಜಾರುಬಂಡೆಯ ಮೆಟ್ಟಿಲು ಹತ್ತಿದಳು. ಮೇಲಿಂದ ಬಿಟ್ಟುಕೊಂಡಾಗ ಹೊಟ್ಟೆಯೊಳಗಿಂದ ಒಂದು ನಗು ಬಂತು. ಇಷ್ಟು ದಿನ ಇದನ್ನೆಲ್ಲ ಇವರೇ ಉಂಡರಲ್ಲ ಎಂದು ಕೆಳಗೆ ಬರುವಷ್ಟರಲ್ಲಿ ಮತ್ತೆ ಸಿಟ್ಟು ಬಂತು. ಹೀಗೆ ನಗುತ್ತಾ ಸಿಟ್ಟಾಗುತ್ತಾ ಅವಳು ಹತ್ತಿ ಹತ್ತಿ ಜಾರಿದಳು.

ಹೊಟ್ಟೆ ಚುರುಗುಟ್ಟಿದಾಗ ಅವರಿಗೆ ಯಮುನಾಳ ನೆನಪಾಯಿತು. ಅವಳನ್ನು ಕೂರಿಸಿ ಹೋಗಿದ್ದ ಕೊಡೆಯ ಕೆಳಗಿನ ಕುರ್ಚಿ ಖಾಲಿಯಿತ್ತು. ಎಲ್ಲರೂ ಅಲೆಯ ಕೊಳದ ಅಂಚಿನಲ್ಲಿ, ತಿಪ್ಪಕ್ಕ ಮುಳುಗಿದ್ದ ಕಡೆ, ಸೇರಿದರು. ಅವರಿಂದ ಮಾರು ದೂರದಲ್ಲಿ ಯಮುನಾ ಗಾಳಿ ತುಂಬಿದ ಟ್ಯೂಬಿನ ಮೇಲೆ ತೇಲುತ್ತಾ ಮಲಗಿದ್ದಳು. ಅವರು ಕುರ್ಚಿಗಳ ಸಾಲು ಹುಡುಕಿದರು, ಹೋಟೆಲಿನ ಕಡೆ ನೋಡಿದರು, ನೀರಿನ ಕಡೆ ಮಾತ್ರ ಯಾರೂ ನೋಡಲಿಲ್ಲ. ಯಾರಾದರೂ ಒಬ್ಬರು ತನಗೇನಾಯಿತು ಎಂದು ಕೇಳಲಿ, ಎದ್ದು ಹೋಗಿ ಕೀಲಿ ಕೊಟ್ಟುಬಿಡುತ್ತೇನೆ ಎಂದುಕೊಂಡು ಅವಳು ಕಿವಿ ಕೊಟ್ಟಳು.

"ನನ್ ಸರ ಅವಳ ಹತ್ರ ಐತೆ ಕಣೋ" ಎಂದಳು ತಿಪ್ಪಕ್ಕ.

"ನನ್ ಫೋನ್. ಕನ್ನಡಕ ಇಲ್ದೆ ನಂಗೇನೂ ಕಾಣಲ್ಲ" ಎಂದಳು ಪ್ರೀತಿ.

"ಕಾರಿನ ಕೀಲಿ" ಎಂದ ಪ್ರದೀಪ.

"ಪರ್ಸು ಇಲ್ದೆ ಊಟ ಹೆಂಗೆ ಮಾಡದು? ಬ್ಯಾಗ್ ಸಮೇತ ಎಲ್ ಸತ್ಲೋ ಇವಳು" ಎಂದ ಹನುಮಂತರಾಜು.

ನೀರು ತಣ್ಣಗಿತ್ತು. ಯಮುನಾಳಿಗೆ ಮಾತ್ರ ಕುದಿಯುವ ನೀರಲ್ಲಿದ್ದ ಹಾಗಾಯಿತು.

ಆಗ ಬೋರಪ್ಪ ಬೊಚ್ಚುಬಾಯಲ್ಲಿ, "ಮೊದ್ಲು ಆ ಹುಡುಗಿ ಎಲ್ಲಿಗೆ ಹೋದ್ಲೋ ನೋಡ್ರಪ್ಪ. ಏನಾಯ್ತೋ ಏನೋ" ಎಂದರು. ಹಾಗಾದರೆ ಲಾಕರು ತೆರೆಯುವುದೂ ಇವರೊಬ್ಬರಿಗೇ ಎಂದುಕೊಂಡಳು ಯಮುನಾ.

ನೀರಲ್ಲಿದ್ದ ತಿಪ್ಪಕ್ಕ, ಅಂಚಿನಲ್ಲಿದ್ದ ಬೋರಪ್ಪ ಇಬ್ಬರನ್ನು ಬಿಟ್ಟು ಮಿಕ್ಕವರೆಲ್ಲ ಒಂದೊಂದು ದಿಕ್ಕಿಗೆ ಹುಡುಕಲು ಹೋದ ಮೇಲೆ ಯಮುನಾ ಅತ್ತೆಯ ಕಣ್ಣು ತಪ್ಪಿಸಿ ನೀರಿನಿಂದ ಎದ್ದು ಬಂದು ಮಾವನ ಕೈ ಹಿಡಿದಳು. "ಬರ್ರಿ ಮಾವ, ಊಟ ಮಾಡಾಣ."

ಬೋರಪ್ಪ ಅವಳನ್ನು ಟೋಪಿಯಿಂದ ಕಾಲಿನವರೆಗೆ ನೋಡಿದರು. ಒಂದು ಮಾತೂ ಕೇಳದೆ ಹಿಂದೆ ಬಂದರು. ಲಾಕರಿನಿಂದ ಹಲ್ಲು ಹೊರಬಂತು, ಮಸಾಲೆ ದೋಸೆ ಬಂತು. ಎರಡನೇ ದೋಸೆ ಮುರಿಯುತ್ತಾ ಅವರು, "ನಾನು ಕಂಡಕ್ಟರ್ ಹತ್ರ ಯಾವತ್ತೂ ಜಗಳ ಆಡಿದೋನಲ್ಲಮ್ಮ. ದುಡ್ಡಿನ ಚೀಲ ಅವನ ಹೆಗಲಲ್ಲಿರ್ತೈತೆ" ಎಂದರು.

ಅವಳನ್ನು ಕಂಡುಹಿಡಿದವಳು ಕಾವ್ಯ. ಜಾರುಬಂಡೆಯ ಮೇಲಿನ ಮೆಟ್ಟಿಲಲ್ಲಿ ತಾಯಿಯನ್ನು ನೋಡಿ ಬೆಪ್ಪಾಗಿ ನಿಂತಳು.

"ಅಮ್ಮ, ಕೀಲಿ ಕೊಡು. ಅಜ್ಜಿ ಬಾಯಿಗೆ ಬಂದಂಗೆ ಬೈತಾ ಐತೆ."

"ಬೈಲಿ."

"ನಿಂಗೆ ನೀರಂದ್ರೆ ಭಯ ಅಲ್ವಾ?"

"ಯಾರು ಹೇಳಿದ್ದು?" ಎಂದು ಯಮುನಾ ಕುಳಿತು, ಕೈ ಬಿಟ್ಟು, ಸುಂಯ್ಯನೆ ಹೋಗಿಬಿಟ್ಟಳು. ಕೆಳಗೆ ಅವಳು ಮುಳುಗಿ, ಆಳದ ಕೊಳದ ಆ ತುದಿಯಲ್ಲಿ ಎದ್ದದ್ದನ್ನು ಮಗಳು ಮೇಲಿನಿಂದ ನೋಡಿದಳು. ಕೀಲಿ ಕೇಳಲು ಮತ್ತೆ ಬರಲಿಲ್ಲ.

ಹನುಮಂತರಾಜು ಬಂದ. ಒದ್ದೆ ಚಡ್ಡಿಯಲ್ಲಿ, ಜನರೆದುರು ದನಿ ಎತ್ತಲಾರದೆ, ಹಲ್ಲು ಕಚ್ಚಿ ಮಾತಾಡಿದ.

"ಏನೇ ಇದು? ಬೆಳಗ್ಗಿಂದ ಹೊಟ್ಟೆಗಿಲ್ಲ."

"ಬುತ್ತಿ ಐತಲ್ರಿ ಕಾರಲ್ಲಿ."

"ಕಾರ್ ಕೀಲಿ ನಿನ್ ಹತ್ರ ಐತೆ."

"ಹೂಂ, ಐತೆ."

"ಕೊಡೇ."

"ಸಂಜೆಗೆ ಕೊಡ್ತೀನಿ. ಗಾಣದ ಗ್ರೂಪಲ್ಲಿ ಇದನ್ನೂ ಹಾಕ್ರಿ ಬೇಕಾದ್ರೆ." ಅವನ ಕೈ ಮೇಲೆದ್ದಿತು. ಸುತ್ತ ನಿಂತವರು ತಿರುಗಿ ನೋಡಿದರು. ಕೈ ಇಳಿಯಿತು.

ಕೊಳದ ಅಂಚಿಗೆ ಬಂದು ಅವಳು ಅತ್ತೆಯೆದುರು ಕುಕ್ಕರುಗಾಲಲ್ಲಿ ಕೂತಳು. ತಿಪ್ಪಕ್ಕನ ತುಟಿ ನೀಲಿಯಾಗಿತ್ತು, ಬೆರಳು ನೆನೆದು ಸುಕ್ಕಾಗಿದ್ದವು. ಮೈಗಂಟಿದ ಆ ಬಟ್ಟೆಯಲ್ಲಿ ಅಷ್ಟು ಗಂಡಸರ ಮುಂದೆ ಏಳಲು ಅವಳಿಗೆ ಜೀವ ಒಪ್ಪಿರಲಿಲ್ಲ. ಟವಲ್ಲು ಅಲೆಗೆ ಎಲ್ಲೋ ಹೋಗಿತ್ತು.

"ನನ್ ಸೀರೆ ಕೊಡೇ, ಮುಂಡೇದೇ."

"ಎದ್ದು ಬರ್ರಿ ಅತ್ತೆ, ಕೊಡ್ತೀನಿ."

"ಹೆಂಗೆ ಬರ್ಲೇ?"

"ಹಂಗಾದ್ರೆ ಕಾಯ್ರಿ. ನಾನೂ ಕಾದಿಲ್ವಾ?"

ಆ ಕಡೆ ಪ್ರೀತಿ ಕಣ್ಣು ಕಿರಿದು ಮಾಡಿಕೊಂಡು, ಯಾರೋ ಪರಸ್ಥಳದ ಹೆಂಗಸನ್ನು ಯಮುನಾ ಎಂದು ತಿಳಿದು, "ಅಕ್ಕ, ದಮ್ಮಯ್ಯ" ಎನ್ನುತ್ತಿದ್ದಳು. ಯಮುನಾ ಕೂತಲ್ಲೇ ಅದನ್ನು ಕಣ್ಣು ತುಂಬ ನೋಡಿದಳು. ಪಾಪ ಅನ್ನಿಸಲಿಲ್ಲ.

ಪಾರ್ಕು ಮುಚ್ಚುವ ಗಂಟೆ ಬಾರಿಸಿದ ಮೇಲೆ ಲಾಕರಿನ ಬಾಗಿಲು ತೆರೆಯಿತು. ಯಮುನಾ ಒಂದೊಂದೇ ಸಾಮಾನನ್ನು ತೆಗೆದು ಅವರವರ ಕೈಗಿಟ್ಟಳು. "ನೋಡ್ಕಳ್ರಿ. ಈ ಸಲ ಒಂದೂ ಕಳೆದಿಲ್ಲ."

ಡಿಕ್ಕಿ ತೆಗೆದಾಗ ಹಳಸಿದ ಮೊಸರನ್ನದ ವಾಸನೆ ಮುಖಕ್ಕೆ ಹೊಡೆಯಿತು. ಅದೇ ವಾಸನೆಯಲ್ಲಿ ಹಿರಿಯೂರಿನವರೆಗೆ ಬಂದರು. ಬೋರಪ್ಪನವರು ಒಂದು ಸಲ ತೇಗಿದರು, ತಿಪ್ಪಕ್ಕ ಗಂಡನನ್ನು ಸುಟ್ಟುಬಿಡುವ ಹಾಗೆ ನೋಡಿದಳು.

ಮನೆಯಲ್ಲಿ ವಾರಗಟ್ಟಲೆ ಮಾತು ನಿಂತಿತು. ಹನುಮಂತರಾಜು ಬಡಿಸಿದ್ದನ್ನು ಉಂಡು ಎದ್ದು ಹೋಗುತ್ತಿದ್ದ. ಪ್ರೀತಿ ತನ್ನ ಪಾತ್ರೆಯನ್ನು ತಾನೇ ತೊಳೆಯತೊಡಗಿದಳು, ಅದೂ ಸದ್ದು ಮಾಡಿ. ಕಾವ್ಯ ಮಾತ್ರ ಒಂದು ಮಧ್ಯಾಹ್ನ ಅಡುಗೆಮನೆಗೆ ಬಂದು, "ಅಮ್ಮ, ಅಂಗಾತ ಮಲ್ಕಂಡು ತೇಲ್ತಿದ್ಯಲ್ಲ, ನಂಗೂ ಹೇಳ್ಕೊಡ್ತೀಯಾ?" ಎಂದು ಕೇಳಿದಳು. ಯಮುನಾ, ಆಮೇಲೆ ನೋಡಾಣ ಅಂದಳು. ದುಪಟ್ಟಾ ಎಳೆದಾಡಿದ್ದನ್ನು ಅವಳಿನ್ನೂ ಮರೆತಿರಲಿಲ್ಲ.

ತಿಪ್ಪಕ್ಕನ ತೀರ್ಪು ಊಟದ ಹೊತ್ತಿಗೆ ಬಂತು, ಯಮುನಾ ಬಡಿಸುತ್ತಿರುವಾಗಲೇ. "ಮಾರಿಕಣಿವೆ ಹಿನ್ನೀರಲ್ಲಿ ದೋಣಿ ಬಿಟ್ಟವ್ರಂತೆ, ಹೊಸದುರ್ಗದ ಕಡೆ. ಈ ಭಾನುವಾರ ಹೋಗಾಣ. ಇವಳು ಬರಂಗಿಲ್ಲ. ಇನ್ನು ಯಾವತ್ತೂ ಬರಂಗಿಲ್ಲ."

"ಆಗ್ಲಿ ಅತ್ತೆ" ಎಂದು ಯಮುನಾ ಅವಳ ತಟ್ಟೆಗೆ ಇನ್ನೊಂದು ಸೌಟು ಸಾರು ಬಿಟ್ಟಳು.

ಒಳಗೊಳಗೇ ಅವಳಿಗೆ ಹೆದರಿಕೆಯಾಗಿತ್ತು. ಇವರು ತನ್ನನ್ನು ಬಿಟ್ಟು ಸುಖವಾಗಿ ಹೋಗಿ ಬಂದುಬಿಟ್ಟರೆ ತಾನು ಮಾಡಿದ್ದೆಲ್ಲ ನೀರಲ್ಲಿ ಹೋಮ. ಈ ಬಾಗಿಲೊಳಗೇ ಉಳಿದ ಆಯುಷ್ಯ ಕಳೆಯಬೇಕು. ಭಾನುವಾರ ಬೆಳಗ್ಗೆ ಅವಳು ಒಲೆಯ ಮುಂದೆ ನಿಂತು ಜಗಲಿಯ ಮಾತಿಗೆ ಕಿವಿಕೊಟ್ಟಿದ್ದಳು.

"ಎಲ್ಲ ಸೇರಿ ಒಟ್ಟಿಗೆ ಹೋಗಾಕಾಗಲ್ವಂತೆ, ದೋಣಿ ಸಣ್ಣದು" ಎಂದ ಪ್ರದೀಪ. "ಲಾಕರ್ ಗೀಕರ್ ಅಲ್ಲೇನೂ ಇಲ್ಲ. ದಡದಲ್ಲಿ ಸಾಮಾನು ನೋಡ್ಕಳಾಕೆ ಯಾರಾದ್ರೂ ಕೂರ್ಬೇಕು."

"ಅತ್ತೆ ಕೂರ್ತಾರೆ ಬಿಡ್ರಿ. ಅವರಿಗೆ ಸೊಂಟನೋವು ಬೇರೆ" ಎಂದಳು ಪ್ರೀತಿ.

"ನಾನ್ಯಾಕೇ ಕೂರ್ಲಿ? ನಿನ್ ಬ್ಯಾಗೇ ಎಲ್ಲರದ್ದಕ್ಕಿಂತ ದೊಡ್ದು. ನೀನೇ ಕುಂತ್ಕ."

"ನಾನೇನು ಈ ಮನೆ ಆಳಾ?"

ಈ ಮಾತು ಬಂದದ್ದೇ ತಡ, ತಿಪ್ಪಕ್ಕ ಸುಟ್ಟ ರೊಟ್ಟಿಯಿಂದ ಹಿಡಿದು ಪ್ರೀತಿಯ ತವರಿನವರೆಗೆ ಎಲ್ಲವನ್ನೂ ತೆಗೆದಳು. ಪ್ರೀತಿಯೂ ಕಡಿಮೆ ಮಾಡಲಿಲ್ಲ. ಪ್ರದೀಪ ಹೆಂಡತಿಯ ಪರ ಒಂದು ಮಾತಾಡಿ ತಾಯಿಯಿಂದ ಉಗಿಸಿಕೊಂಡ. "ನಾನು ಕೂರಲ್ಲ" ಎಂದಳು ಕಾವ್ಯ, ಯಾರೂ ಕೇಳುವ ಮೊದಲೇ. ಬೋರಪ್ಪ ಪೇಪರು ಅಡ್ಡ ಹಿಡಿದರು.

ಹನುಮಂತರಾಜು ಅಡುಗೆಮನೆಗೆ ಬಂದ. ಎಷ್ಟೋ ದಿನದ ಮೇಲೆ ಹೆಂಡತಿಯ ಮುಖ ನೋಡಿದ. "ಹೊರಡು, ನೀನೂ ಬಾ."

"ಅತ್ತೆ ಬ್ಯಾಡ ಅಂದವ್ರಲ್ಲ."

"ಬಾ ಅಂತಿದೀನಲ್ಲೇ."

"ಬರ್ತೀನಿ. ಮೊದಲ ದೋಣಿ ನಂದು. ನಾನು ವಾಪಸ್ ಬರೋತನಕ ಅತ್ತೆ, ಪ್ರೀತಿ ಇಬ್ರೂ ಬ್ಯಾಗ್ ಹತ್ರ ಕೂರ್ಲಿ. ಹೂಂ ಅಂತಾರಾ ಕೇಳ್ಕಂಡು ಬರ್ರಿ."

ಅವನು ಅವಳನ್ನು ದುರುಗುಟ್ಟಿ ನೋಡಿದ. ಅವಳು ಹಾಲಿನ ಪಾತ್ರೆ ಇಳಿಸಿದಳು. ಅವನು ಜಗಲಿಗೆ ಹೋಗಿ ಅವಳ ಷರತ್ತು ಹೇಳಿದ. ಆಮೇಲೆ ತಿಪ್ಪಕ್ಕನ ಗೊಣಗಾಟ ಕೇಳಿಸಿತು. "ನಾನೊಬ್ಳೇ ಕೂರೋ ಬದ್ಲು ಈ ಪ್ರೀತಿನೂ ಕೂರ್ಲಿ, ಇಬ್ರೂ ಕೂರ್ತೀವಿ ಅಂತ ಹೇಳು. ಮೊದಲು ಹೋಗಿ ಸಾಯ್ಲಿ ಅವಳು."

ಹಿನ್ನೀರಿನ ದಡದಲ್ಲಿ ಮರಗಳಿರಲಿಲ್ಲ. ಕಾದ ಬಂಡೆಯ ಮೇಲೆ ಜಮಖಾನ ಹಾಸಿ, ಬ್ಯಾಗುಗಳ ನಡುವೆ ಅತ್ತೆ ಸೊಸೆ ಬೆನ್ನು ತಿರುಗಿಸಿಕೊಂಡು ಕೂತರು. ಮೊದಲ ದೋಣಿಯಲ್ಲಿ ಯಮುನಾ, ಕಾವ್ಯ, ಬೋರಪ್ಪನವರು ಹೊರಟರು. ದೋಣಿಯ ಹಾಲಸ್ವಾಮಿ ಮಾತುಗಾರ, ಎಲ್ಲಿ ಎಷ್ಟು ಆಳ ಎಂದು ಹೇಳುತ್ತಾ ದೂರದ ನಡುಗಡ್ಡೆ ಬಳಸಿಕೊಂಡು ಬಂದ. ಯಮುನಾ ನೀರಿಗೆ ಕೈ ಇಳಿಬಿಟ್ಟು ದಡದ ಕಡೆಗೇ ನೋಡುತ್ತಿದ್ದಳು. ತಿಪ್ಪಕ್ಕ ಸೆರಗಿನಿಂದ ಗಾಳಿ ಬೀಸಿಕೊಳ್ಳುವುದು, ಹಣೆಗೆ ಕೈ ಅಡ್ಡ ಇಟ್ಟು ದೋಣಿ ಎಲ್ಲಿದೆಯೆಂದು ನೋಡುವುದು ಅಲ್ಲಿಗೂ ಕಾಣುತ್ತಿತ್ತು.

ದೋಣಿ ದಡದ ಹತ್ತಿರ ಬಂತು. ತಿಪ್ಪಕ್ಕ ಎದ್ದಳು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, "ಬಂದ್ರು, ಏಳೇ ಪ್ರೀತಿ" ಎಂದು ಕೈ ಬೀಸಿದಳು.

"ಹಾಲಸ್ವಾಮಣ್ಣ" ಎಂದಳು ಯಮುನಾ, "ಇನ್ನೊಂದು ಸುತ್ತು ಹೊಡಿ."

"ಅಲ್ಲಿ ಕಾಯ್ತಾವ್ರಲ್ಲಮ್ಮ."

"ಕಾಯ್ಲಿ."

ಹಾಲಸ್ವಾಮಿ ದೋಣಿ ತಿರುಗಿಸಿದ. ಎದ್ದು ನಿಂತಿದ್ದ ತಿಪ್ಪಕ್ಕ ಸ್ವಲ್ಪ ಹೊತ್ತು ಹಾಗೇ ನಿಂತಿದ್ದು, ಮತ್ತೆ ಬ್ಯಾಗುಗಳ ನಡುವೆ ಕೂತಳು.